ನೂರು ರೂಪಾಯಿಯ ಕಟ್ಟು

ನಮ್ಮೂರಿನಲ್ಲಿ ಮೊಸರು ಹೆಪ್ಪಾಗುವುದು ಪುರಸಭೆಯ ಬಾಂಡಿನ ಮೇಲೆ. ಪರವೂರಿನವರಿಗೆ ಇದನ್ನು ಹೇಳಿದರೆ ಅವರು ನನ್ನ ಮುಖವನ್ನೇ ನೋಡುತ್ತಾರೆ. ಅವರ ಊರಿನ ಕಾಗದಗಳೆಲ್ಲ ಪೆಟ್ಟಿಗೆಯಲ್ಲಿ ತಣ್ಣಗೆ ಬಿದ್ದಿರುತ್ತವಂತೆ. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಮುಟ್ಟಿ ನೋಡದೆ ಅವರು ಹೇಗೆ ಸಂಸಾರ ಮಾಡುತ್ತಾರೋ ನನಗಂತೂ ತಿಳಿಯದು. ನಮ್ಮಲ್ಲಿ ಒಂದು ಅಂಗಡಿಯೋ ಕಾರ್ಖಾನೆಯೋ ಎಷ್ಟು ಗಳಿಸುತ್ತದೆಯೋ ಅದರ ಶೇರಿನ ಕಾಗದ ಅಷ್ಟು ಬಿಸಿ. ಗಳಿಕೆ ಏರಿದರೆ ಬಿಸಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಪುರಸಭೆಯ ಬಾಂಡಿಗೆ ಮಾತ್ರ ಈ ಏರಿಳಿತವಿಲ್ಲ. ಅದರ ಮೇಲೆ ಬರೆದುಕೊಟ್ಟ ಬಡ್ಡಿ ಎಷ್ಟೋ ಅಷ್ಟೇ ಬೆಚ್ಚಗೆ, ಮಳೆಗಾಲವಿರಲಿ ಬೇಸಿಗೆಯಿರಲಿ, ಆಗತಾನೆ ಕರೆದ ಹಾಲಿನ ಹದ.

ನಾನು ದಾಕ್ಷಾಯಣಿ. ಬಜಾರದ ಹಿಂದಿನ ಓಣಿಯಲ್ಲಿ ಮೊಸರು ಮಾರುತ್ತೇನೆ. ಸಂಜೆ ಹಾಲು ಕಾಸಿ, ಆರಿಸಿ, ಹೆಪ್ಪು ಹಾಕಿ, ಗಡಿಗೆಗಳನ್ನು ಸಾಲಾಗಿ ಬಾಂಡುಗಳ ಮೇಲೆ ಇಟ್ಟರೆ ಬೆಳಗ್ಗೆ ಮೊಸರು ಚೂರಿಯಲ್ಲಿ ಕೊಯ್ಯುವ ಹಾಗೆ ಗಟ್ಟಿಯಾಗಿರುತ್ತದೆ. ಒಮ್ಮೆ ಆಸೆಗೆ ಬಿದ್ದು ಕೊಡೆ ಅಂಗಡಿಯ ಶೇರುಗಳ ಮೇಲೆ ಗಡಿಗೆ ಇಟ್ಟಿದ್ದೆ. ಆಗ ಮಳೆಗಾಲ, ಕಾಗದ ಕಾದ ಹಂಚಿನಂತಾಗಿತ್ತು, ಮೊಸರು ಹುಳಿಯಾಗಿ ಮೂಗಿನ ಹತ್ತಿರ ತರುವ ಹಾಗಿರಲಿಲ್ಲ. ಚಳಿಗಾಲದಲ್ಲಿ ಅದೇ ಕಾಗದದ ಮೇಲೆ ಹಾಲು ಹಾಲಾಗಿಯೇ ಉಳಿಯಿತು. ಅಂದಿನಿಂದ ಆ ಕಡೆ ತಲೆ ಹಾಕಿಲ್ಲ. ಆದರೆ ಊರಿನ ಜನ ಜಾಣರು, ಒಂದೊಂದು ಶೇರಿಗೂ ಒಂದೊಂದು ಉಪಯೋಗ ಕಂಡುಕೊಂಡಿದ್ದಾರೆ. ಮದುವೆಯ ದಿನಗಳಲ್ಲಿ ಬ್ಯಾಂಡ್ ಕಂಪನಿಯ ಶೇರುಗಳ ಮೇಲೆ ಹಪ್ಪಳ ಒಣಗಿಸುತ್ತಾರೆ. ಔಷಧದ ಅಂಗಡಿಯ ಶೇರನ್ನು ಬಾಣಂತಿಯ ಹಾಸಿಗೆಯ ಕೆಳಗೆ ಹಾಸುತ್ತಾರೆ. ಸಿನೆಮಾ ಟಾಕೀಸಿನ ಶೇರು ಇಟ್ಟುಕೊಂಡವರು ಮಾತ್ರ ಯಾವಾಗ ಏನಾಗುತ್ತದೋ ಗೊತ್ತಾಗದೆ ಅದನ್ನು ಇಕ್ಕಳದಿಂದಲೇ ಎತ್ತುತ್ತಾರೆ.

ಇದೆಲ್ಲ ಆಟದ ಮಾತಾಯಿತು. ಆಟವಲ್ಲದ್ದು ಒಂದಿದೆ, ಅದಕ್ಕೆ ಕೈ ನೋಡುವುದು ಅನ್ನುತ್ತಾರೆ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲಿನ ಮೊದಲ ಸಂತೆಯ ದಿನ, ಪುರಸಭೆಯ ಮುಂದಿನ ಕಟ್ಟೆಯ ಮೇಲೆ ಫಕೀರಪ್ಪ ಮಾಸ್ತರು ಕೂರುತ್ತಾರೆ. ಅವರು ನಮಗೆಲ್ಲ ಶಾಲೆಯಲ್ಲಿ ಪಾಠ ಹೇಳಿದವರು, ಸುಳ್ಳು ಹೇಳಲು ಬಾರದ ಮನುಷ್ಯ, ಆದ್ದರಿಂದಲೇ ಈ ಕೆಲಸ ಅವರ ಪಾಲಿಗೆ ಬಂದಿದೆ. ಅವರ ಎಡಗೈಯಲ್ಲಿ ನೂರು ರೂಪಾಯಿಯ ಒಂದು ಬಾಂಡು. ಬಲಗೈಯಲ್ಲಿ ಒಂದು ಅಂಗಡಿಯ ಶೇರುಗಳ ಕಟ್ಟು. ಅದು ಕೂಡ ನೂರು ರೂಪಾಯಿಯದೇ, ಅಂದರೆ ಆ ಬೆಳಗ್ಗೆ ಬಜಾರದಲ್ಲಿ ಕೂಗಿದ ದರದಲ್ಲಿ ನೂರು ರೂಪಾಯಿಗೆ ಎಷ್ಟು ಶೇರು ಬರುತ್ತವೆಯೋ ಅಷ್ಟನ್ನು ದಾರದಿಂದ ಕಟ್ಟಿದ್ದು. ಬಲಗೈ ಹೆಚ್ಚು ಬೆಚ್ಚಗಿದ್ದರೆ ಅಂಗಡಿ ನಡೆಯುತ್ತದೆ. ಎಡಗೈ ಬೆಚ್ಚಗಿದ್ದರೆ ಮರುದಿನ ಅಂಗಡಿಗೆ ಬೀಗ. ಮನೆಯಲ್ಲಿ ಸುಮ್ಮನೆ ಮಲಗಿದ ಬಾಂಡೇ ಇಷ್ಟು ಕೊಡುವಾಗ, ಮೈಮುರಿದು ದುಡಿದೂ ಅದಕ್ಕಿಂತ ಕಡಿಮೆ ಕೊಡುವವನು ಬಾಗಿಲು ತೆರೆದು ಯಾರನ್ನು ಉದ್ಧಾರ ಮಾಡಬೇಕು ಎಂಬುದು ಹಿರಿಯರ ವಾದ. ಬೀಗ ಬಿದ್ದವರ ಮನೆಗೆ ಅಕ್ಕಪಕ್ಕದವರು ಒಂದು ವಾರ ಅಡಿಗೆ ಮಾಡಿ ಕಳಿಸುತ್ತಾರೆ, ಸಾವಿನ ಮನೆಗೆ ಕಳಿಸುವ ಹಾಗೆ. ನಾನೂ ಎಷ್ಟೋ ಮನೆಗಳಿಗೆ ಮಜ್ಜಿಗೆ ಕಳಿಸಿದ್ದೇನೆ. ಇದು ಸರಿಯೇ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ, ನಾನೂ ಕೇಳಿದವಳಲ್ಲ.

ನನ್ನ ತಲೆಗೆ ಹತ್ತದೇ ಇದ್ದದ್ದು ಆ ಕಟ್ಟಿನ ಲೆಕ್ಕ. ಕೆಲವು ವರ್ಷ ಬೆಂಕಿಯಂಥ ಕಾಗದದ ಅಂಗಡಿಗೆ ಬೀಗ ಬೀಳುತ್ತಿತ್ತು, ತಣ್ಣಗಿನ ಕಾಗದದ ಅಂಗಡಿ ಪಾರಾಗಿ ಹೋಗುತ್ತಿತ್ತು. ಒಮ್ಮೆ ಮೊಸರು ಒಯ್ಯಲು ಬಂದ ಮಾಸ್ತರನ್ನೇ ಕೇಳಿದೆ. ಕಾಗದ ಬಿಸಿ ಇದ್ದರೆ ಸಾಲದು, ನೂರು ರೂಪಾಯಿಗೆ ಎಷ್ಟು ಬಿಸಿ ಸಿಗುತ್ತದೆ ಅನ್ನುವುದನ್ನು ಕೇಳಬೇಕು ಎಂದರು. ಎಲ್ಲರೂ ಮುಗಿಬಿದ್ದು ಕೊಂಡರೆ ದರ ಏರಿ ನೂರಕ್ಕೆ ಎರಡೇ ಕಾಗದ ಬರುತ್ತವೆ, ಎರಡು ಕಾಗದದ ಬಿಸಿ ಎಷ್ಟಾದೀತು ಎಂದರು. ನಾನು ಗೋಣು ಹಾಕಿದೆ. ಅವರು ಹೋದ ಮೇಲೆ ಯೋಚಿಸಿದರೆ ಒಂದೂ ಅರ್ಥವಾಗಿರಲಿಲ್ಲ. ಹಾಗಾದರೆ ಜನ ಒಳ್ಳೆಯದೆಂದು ಮೆಚ್ಚಿ ಕೊಂಡದ್ದಕ್ಕೇ ಅದು ಕೆಟ್ಟುಹೋಯಿತೇ? ಮೆಚ್ಚಿಕೊಳ್ಳುವುದೂ ತಪ್ಪೇ? ಇದು ದೊಡ್ಡವರ ವಿಷಯ ಎಂದು ಗಡಿಗೆ ತೊಳೆಯಲು ಹೋದೆ.

ಈಗ ನನ್ನ ತಂಗಿಯ ಮಾತಿಗೆ ಬರುತ್ತೇನೆ. ಚಂಪಾ ನನಗಿಂತ ಬಹಳ ಚಿಕ್ಕವಳು, ಅವ್ವ ತೀರಿಕೊಂಡ ಮೇಲೆ ನನ್ನ ಕಂಕುಳಲ್ಲೇ ಬೆಳೆದಳು. ಅವಳ ಗಂಡ ಗುರುಲಿಂಗಪ್ಪನದು ಐಸ್ ಕಾರ್ಖಾನೆ. ಅದನ್ನು ಮೊದಲು ಕಟ್ಟಿದ್ದು ನಮ್ಮಪ್ಪ ಮತ್ತು ಅವನ ಅಪ್ಪ ಸೇರಿ. ಅಪ್ಪನ ಪಾಲಿನ ಶೇರುಗಳಲ್ಲಿ ಅರ್ಧ ಚಂಪಾಳಿಗೆ, ಅರ್ಧ ನನಗೆ ಬಂದವು. ಮದುವೆಯಾಗದೆ ಉಳಿದ ನನಗೆ ಮುಪ್ಪಿನ ಕಾಲಕ್ಕೆ ಇದ್ದ ಆಸರೆಯೆಂದರೆ ಅದೇ. ಬಾಂಡುಗಳು ಗಡಿಗೆಯ ಅಡಿಗಷ್ಟೇ ಸಾಕು. ಐಸಿನ ಶೇರುಗಳನ್ನು ನಾನು ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದೆ, ಚಳಿಗಾಲವೆಲ್ಲ ಓಣಿಯ ಬೆಕ್ಕು ಆ ಟ್ರಂಕಿನ ಮೇಲೆ ಬಂದು ಮಲಗುತ್ತಿತ್ತು. ಐಸಿನ ಕಾಗದ ಬಿಸಿಯಾಗಿರುವುದು ನಮ್ಮೂರಿನವರಿಗೆ ತಮಾಷೆ ಅನ್ನಿಸುವುದಿಲ್ಲ.

ಹೋದ ವರ್ಷ ಪುರಸಭೆಯವರಿಗೆ ಹೊಳೆಗೆ ಸೇತುವೆ ಕಟ್ಟುವ ಹುಕಿ ಬಂತು. ದುಡ್ಡು ಕೂಡಿಸಲು ಹೊಸ ಬಾಂಡು ತೆಗೆದರು, ಬಡ್ಡಿ ಹಳೆಯದಕ್ಕಿಂತ ಹೆಚ್ಚು. ಹೊಸ ಬಾಂಡು ಕೈಗೆ ಬಂದಾಗಲೇ ಅದು ಹೆಚ್ಚು ಬಿಸಿ ಎಂದು ನನಗೆ ಗೊತ್ತಾಯಿತು, ಮೊಸರು ಹುಳಿಯಾಗದಿರಲಿ ಎಂದು ಗಡಿಗೆಯ ಕೆಳಗೆ ಗೋಣಿತಟ್ಟು ಮಡಚಿ ಹಾಕಬೇಕಾಯಿತು. ನನಗೆ ಗೋಣಿತಟ್ಟಿನಲ್ಲಿ ಮುಗಿದ ಕಷ್ಟ ಅಂಗಡಿಗಳವರಿಗೆ ಹಾಗೆ ಮುಗಿಯಲಿಲ್ಲ. ಇನ್ನು ಮೇಲೆ ಮಾಸ್ತರ ಎಡಗೈಯಲ್ಲಿ ಇರುವುದು ಈ ಹೊಸ ಬಾಂಡು. ಅಂದರೆ ಎಲ್ಲರ ಕಾಗದವೂ ಮೊದಲಿಗಿಂತ ಹೆಚ್ಚು ಕಾಯಬೇಕು. ಬಜಾರದಲ್ಲಿ ಜನ ನಗುವುದು ಕಡಿಮೆಯಾಯಿತು. ಇಷ್ಟರಲ್ಲಿ ನನ್ನ ಟ್ರಂಕು ಮಾತ್ರ ದಿನದಿಂದ ದಿನಕ್ಕೆ ಬಿಸಿಯಾಗತೊಡಗಿತು. ಬೆಕ್ಕು ಅದರ ಮೇಲೆ ಕೂರುವುದನ್ನು ಬಿಟ್ಟಿತು. ಗುರುಲಿಂಗಪ್ಪ ಭಾರಿ ಗಟ್ಟಿಗ, ನೋಡು ಹೇಗೆ ದುಡಿಸುತ್ತಿದ್ದಾನೆ ಎಂದು ಜನ ಹೊಗಳಿದರು, ಐಸಿನ ಶೇರು ಕೊಳ್ಳಲು ನಾ ಮುಂದೆ ತಾ ಮುಂದೆ ಎಂದು ನುಗ್ಗಿದರು. ನನಗೂ ಒಳಗೊಳಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಚಂಪಾ ನನ್ನ ಮನೆಗೆ ಬಂದು ತಿಂಗಳುಗಳೇ ಆಗಿದ್ದವು. ಹೇಳಿ ಕಳಿಸಿದರೆ ಕೆಲಸ ಬಹಳ ಎಂಬ ಉತ್ತರ. ಒಂದು ಮಧ್ಯಾಹ್ನ ಒಂದು ಗಡಿಗೆ ಮೊಸರು ಹಿಡಿದು ನಾನೇ ಕಾರ್ಖಾನೆಗೆ ಹೋದೆ.

ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಯಾರೂ ಇಲ್ಲದ್ದು. ಉಪ್ಪುನೀರಿನ ತೊಟ್ಟಿಯಿಂದ ಐಸಿನ ಡಬ್ಬಿ ಎತ್ತುವವರು, ಗಡ್ಡೆಗೆ ಹೊಟ್ಟು ಮುಚ್ಚುವವರು, ಗಾಡಿಗೆ ಹೇರುವವರು, ಇವರೆಲ್ಲ ಕೂಗಾಡುತ್ತಿದ್ದ ಜಾಗದಲ್ಲಿ ಕಂಪ್ರೆಸರ್ ಒಂದೇ ಲಟಲಟ ಬಡಿದುಕೊಳ್ಳುತ್ತಿತ್ತು, ಹಲ್ಲು ಅಲುಗಾಡುವ ಮುದುಕನ ಹಾಗೆ. ಗುರುಲಿಂಗಪ್ಪ ಒಬ್ಬನೇ ಡಬ್ಬಿ ಎತ್ತುತ್ತಿದ್ದ. ಆ ಕಡೆ ಗೋಡೆಗೆ ಒರಗಿ, ಕೈಯಲ್ಲಿ ಐಸು ಎಳೆಯುವ ಕೊಕ್ಕೆ ಹಿಡಿದು, ನನ್ನ ತಂಗಿ ನಿಂತಿದ್ದಳು. ಕರೆದೆ, ಮಾತಾಡಲಿಲ್ಲ. ಹತ್ತಿರ ಹೋಗಿ ನೋಡಿದರೆ ಅವಳು ನಿಂತುಕೊಂಡೇ ನಿದ್ದೆ ಹೋಗಿದ್ದಳು. ಮುಟ್ಟಿದೊಡನೆ ಬೆಚ್ಚಿ ಎದ್ದು, ಯಾವ ಗಾಡಿ ಬಂತು ಎಂದು ಕೇಳಿದಳು. ಬೆರಳುಗಳು ಉಪ್ಪುನೀರಿಗೆ ಒಡೆದು ಕೆಂಪಗಾಗಿದ್ದವು, ಕೆಮ್ಮಿದರೆ ಎದೆಯೊಳಗೆ ಏನೋ ಕಳಚಿಬಿದ್ದಂತೆ ಸದ್ದು.

ಗುರುಲಿಂಗಪ್ಪ ಏನನ್ನೂ ಮುಚ್ಚಿಡಲಿಲ್ಲ. ಹೊಸ ಬಾಂಡು ಬಂದ ತಿಂಗಳೇ ಆಳುಗಳನ್ನು ಬಿಡಿಸಿದನಂತೆ. ತನಗೆಂದು ಒಂದು ಪೈಸೆ ತೆಗೆದುಕೊಳ್ಳುತ್ತಿಲ್ಲ, ಚಂಪಾಳಿಗೂ ಇಲ್ಲ. ಕಂಪ್ರೆಸರಿಗೆ ಹೊಸ ಬೇರಿಂಗ್ ಹಾಕಿಸಬೇಕು, ಹಾಕಿಸಿಲ್ಲ. ಹೀಗೆ ಉಳಿದದ್ದೆಲ್ಲ ಗಳಿಕೆಯಾಗಿ ಕಾಗದಕ್ಕೆ ಹೋಗುತ್ತದೆ, ಕಾಗದ ಕಾಯುತ್ತದೆ. ಹಾಗಾದರೆ ಸಾಕಲ್ಲ, ನನ್ನ ಟ್ರಂಕು ಮುಟ್ಟಲಾಗದಷ್ಟು ಕಾದಿದೆ, ಇನ್ನು ಆಳುಗಳನ್ನು ಕರೆಸು ಎಂದೆ. ಅವನು ಕೈಲಿದ್ದ ಡಬ್ಬಿ ಕೆಳಗಿಟ್ಟು ನಕ್ಕ. ಆ ನಗು ನೋಡಲು ನನಗೆ ಹೆದರಿಕೆಯಾಯಿತು.

"ಅಲ್ಲೇ ಐತ್ರಿ ಅಕ್ಕಾರ ಗೋಳು. ನಾವು ಕಾಸಿದಷ್ಟೂ ಮಂದಿ ಕೊಳ್ತಾರ. ಕೊಂಡಷ್ಟೂ ದರ ಏರತೈತಿ. ದರ ಏರಿದಷ್ಟೂ ನೂರು ರೂಪಾಯಿ ಕಟ್ಟು ಸಣ್ಣದಾಕ್ಕೈತಿ. ಕಟ್ಟು ಸಣ್ಣದಾದರ ಮಾಸ್ತರ ಕೈಯಾಗ ಮತ್ತ ತಣ್ಣಗ. ಅದಕ್ಕ ಇನ್ನಷ್ಟು ಕಾಸಬೇಕು. ನಿಲ್ಲಿಸಿದ ದಿನ ಬೀಗ."

ಇದನ್ನು ಅವನು ಮೂರು ಸಲ ಬಿಡಿಸಿ ಹೇಳಿದ. ಮೂರನೆಯ ಸಲ ನನಗೆ ಇಷ್ಟು ಮಾತ್ರ ಹೊಳೆಯಿತು: ಊರು ಅವರನ್ನು ಮೆಚ್ಚಿ ಮೆಚ್ಚಿ ಕೊಲ್ಲುತ್ತಿದೆ. ಕೈ ನೋಡುವ ದಿನಕ್ಕೆ ಇನ್ನೂ ಕೆಲವು ವಾರಗಳಿದ್ದವು. ಅಷ್ಟು ವಾರ ನನ್ನ ತಂಗಿ ಆ ತೊಟ್ಟಿಯ ಅಂಚಿನಲ್ಲಿ ನಿಂತೇ ನಿದ್ದೆ ಮಾಡಿದರೆ, ಬೀಗ ಬೀಳುವುದು ಕಾರ್ಖಾನೆಗೆ ಮೊದಲೋ ಅವಳಿಗೆ ಮೊದಲೋ ಹೇಳುವಂತಿರಲಿಲ್ಲ. ಬಿಟ್ಟು ನನ್ನ ಜೊತೆ ಬಾ ಎಂದೆ. ಅಪ್ಪ ಕಟ್ಟಿದ್ದು ಎಂದಷ್ಟೇ ಹೇಳಿ ಅವಳು ಕೊಕ್ಕೆ ಎತ್ತಿಕೊಂಡು ಹೋದಳು.

ಮರುದಿನ ನಾನು ಬಜಾರದ ಬೇವಿನ ಕಟ್ಟೆಗೆ ಹೋದೆ. ಅಲ್ಲಿ ದಲಾಲಿ ರಾಚಪ್ಪ ಕೂತು ಬೆಳಗಿನಿಂದ ಸಂಜೆಯವರೆಗೆ ಎಲ್ಲ ಶೇರುಗಳ ದರ ಕೂಗುತ್ತಾನೆ. ನನ್ನ ಬಾಂಡುಗಳನ್ನೆಲ್ಲ ಅವನ ಮುಂದಿಟ್ಟು, ಇದಕ್ಕೆ ಬದಲು ಐಸಿನ ಶೇರು ಕೊಡು, ನನ್ನ ತಂಗಿಗೆ ದುಡ್ಡು ಮುಟ್ಟಲಿ ಎಂದೆ. ರಾಚಪ್ಪ ಕೆಟ್ಟವನಲ್ಲ, ನನ್ನ ಮೊಸರಿನ ಹಳೆಯ ಗಿರಾಕಿ. ಅವನು ಬಾಂಡುಗಳನ್ನು ನನ್ನ ಕಡೆಗೇ ಸರಿಸಿದ. ನಾನು ಕೊಡುವ ದುಡ್ಡು ಶೇರು ಮಾರಿದವನ ಜೇಬಿಗೆ ಹೋಗುತ್ತದೆಯೇ ಹೊರತು ಕಾರ್ಖಾನೆಗೆ ಒಂದು ಕಾಸೂ ಮುಟ್ಟುವುದಿಲ್ಲ, ಮೇಲಾಗಿ ನಾನು ಕೊಂಡರೆ ದರ ಇನ್ನಷ್ಟು ಏರುತ್ತದೆ ಎಂದು ತಿಳಿಸಿ ಹೇಳಿದ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಒಳ್ಳೆಯದು ಮಾಡಲು ಹೋದರೆ ಕೆಟ್ಟದ್ದಾಗುತ್ತದೆ, ಹೊಗಳಿದರೆ ಕುತ್ತಿಗೆಗೆ ಬರುತ್ತದೆ, ದುಡಿದರೆ ಇನ್ನೂ ದುಡಿಯಬೇಕಾಗುತ್ತದೆ. ಯಾವ ಕಡೆಯಿಂದ ಹಿಡಿದು ಜಗ್ಗಿದರೂ ಗಂಟು ಬಿಗಿಯಾಗುತ್ತಿತ್ತು. ರಾಚಪ್ಪ ಚಹಾ ತರಿಸಿದ. ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ಅಂದು ಸಂಜೆ ಕೈ ತಪ್ಪಿ ಬಾಂಡುಗಳ ಮೇಲೆ ನೀರು ಚೆಲ್ಲಿದೆ. ಅವು ಒಣಗುವವರೆಗೆ ಗಡಿಗೆಗಳಿಗೆ ಬೇರೆ ಏನಾದರೂ ಬೇಕಿತ್ತು. ಮನೆಯಲ್ಲಿ ಅಪ್ಪ ಯಾವಾಗಲೋ ತಂದಿಟ್ಟ ದೀಪದ ಬತ್ತಿ ಕಾರ್ಖಾನೆಯ ಶೇರುಗಳಿದ್ದವು. ಕರೆಂಟು ಬಂದ ಮೇಲೆ ಅದು ಕುಂಟುತ್ತ ನಡೆದಿದೆ, ಕಾಗದ ಬೆಚ್ಚಗೆ ಇದ್ದೂ ಇಲ್ಲದ ಹಾಗೆ. ಒಂದನ್ನು ಗಡಿಗೆಯ ಕೆಳಗಿಟ್ಟು ಅಂಗೈ ತಾಗಿಸಿದೆ, ಸಾಲದು. ಇನ್ನೊಂದು ಇಟ್ಟೆ. ಮತ್ತೊಂದು. ಕಡೆಗೆ ಕಟ್ಟನ್ನೇ ಇಟ್ಟೆ, ಆಗ ಹದ ಬಂತು. ಕೈ ಹಾಗೆಯೇ ಗಡಿಗೆಯ ಮೇಲೆ ನಿಂತಿತು. ಕಾಗದ ಬಿಸಿಯಾಗಬೇಕಿಲ್ಲ, ಕಾಗದ ಹೆಚ್ಚಾದರೂ ಆಯಿತು. ನೂರು ರೂಪಾಯಿಗೆ ಹೆಚ್ಚು ಕಾಗದ ಬರಬೇಕೆಂದರೆ ಅದು ಅಗ್ಗವಾಗಬೇಕು. ಅಗ್ಗ ಹೇಗಾಗುತ್ತದೆ? ಯಾರಾದರೂ ಅಗ್ಗಕ್ಕೆ ಮಾರಿದರೆ. ಯಾರಿಗೆ ಅಷ್ಟು ಹುಚ್ಚು? ಅಲ್ಲಿಗೆ ಬಂದು ನನ್ನ ಯೋಚನೆ ನಿಂತಿತು. ಮತ್ತೆ ಮೊದಲಿನಿಂದ ಯೋಚಿಸಿದೆ. ನಾಲ್ಕು ಸಲ ಸರಿಯೆನ್ನಿಸಿತು, ಐದನೆಯ ಸಲ ಪೂರಾ ತಲೆಕೆಳಗೆ ಕಂಡಿತು. ಮಾಸ್ತರನ್ನು ಕೇಳೋಣವೆಂದರೆ ಅವರು ಕೈ ನೋಡುವವರು, ಕೇಳಿದರೆ ಅವರನ್ನು ಪೇಚಿಗೆ ಸಿಕ್ಕಿಸಿದಂತೆ. ಗುರುಲಿಂಗಪ್ಪನಿಗೆ ಹೇಳಲು ಹೋದೆ. ಸಣ್ಣ ದರಕ್ಕೆ ಮಾರುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಕಪ್ಪಿಟ್ಟಿತು. ಇದೇ ಬಾಕಿ ಇತ್ತು ನೋಡಿ ಎಂದು ಗಾಡಿಯ ಹಿಂದೆ ಹೋಗಿಬಿಟ್ಟ.

ಕೈ ನೋಡುವ ದಿನಕ್ಕೆ ಒಂದು ವಾರವಿರುವಾಗ ಟ್ರಂಕು ತೆರೆದು, ಸೆರಗಿನಲ್ಲಿ ಶೇರುಗಳನ್ನು ಸುತ್ತಿಕೊಂಡು ಬೇವಿನ ಕಟ್ಟೆಗೆ ಹೋದೆ. ರಾಚಪ್ಪ ಕೂಗುತ್ತಿದ್ದ ದರದ ಅರ್ಧಕ್ಕೆ ಮಾರುತ್ತೇನೆ ಎಂದೆ. ಅವನು ನನ್ನ ಹಣೆ ಮುಟ್ಟಿ ನೋಡಲು ಬಂದ.

"ದಾಕ್ಷಾಯಣಕ್ಕ, ಕಾಗದ ಕೆಂಡದಂಗ ಐತಿ. ಏನ್ ಕಡಿಮಿ ಆಗೇತಿ ಅಂತ ಮಾರ್ತಿ?"

ನಾನು ಸೆರಗು ಬಿಚ್ಚಿ ಕಾಗದಗಳನ್ನು ಅವನ ಮುಂದಿಟ್ಟೆ. ಕೊಳ್ಳುವವರು ಓಡಿ ಬಂದರು, ಕೊಂಡರು. ಮರುದಿನ ಇನ್ನೂ ಕಡಿಮೆಗೆ ಮಾರಿದೆ. ಅದರ ಮರುದಿನ ಇನ್ನೂ ಕಡಿಮೆಗೆ. ಆಗ ಜನರ ಮುಖ ಬದಲಾಯಿತು. ಸ್ವಂತ ತಂಗಿಯ ಕಾರ್ಖಾನೆ, ಒಳಗಿನ ಸುದ್ದಿ ಗೊತ್ತಿಲ್ಲದೆ ಅಕ್ಕ ಹೀಗೆ ಕಿತ್ತೆಸೆಯುತ್ತಾಳೆಯೇ ಎಂದು ಒಬ್ಬ ಅಂದದ್ದೇ ಸಾಕಾಯಿತು. ಮೊನ್ನೆ ಕೊಂಡವರು ಇವತ್ತು ಮಾರಲು ನಿಂತರು. ಶೇರನ್ನು ಕೈಯಲ್ಲಿ ಹಿಡಿದರೆ ಸುಡುತ್ತದೆ, ಆದರೂ ಮಾರುತ್ತಿದ್ದಾರೆ. ಕೈ ಒಂದು ಹೇಳುತ್ತಿತ್ತು, ಎದೆ ಒಂದು ಹೇಳುತ್ತಿತ್ತು, ಕಾಲು ಮಾತ್ರ ಬೇವಿನ ಕಟ್ಟೆಯ ಕಡೆಗೇ ಓಡುತ್ತಿತ್ತು. ಪಕ್ಕದ ಮನೆಯ ಸಿದ್ಧಲಿಂಗವ್ವ ಮಗಳ ಬಾಣಂತನದ ಖರ್ಚಿಗೆ ಇಟ್ಟುಕೊಂಡಿದ್ದ ಐಸಿನ ಶೇರುಗಳನ್ನು ಕಾಲುಭಾಗಕ್ಕೆ ಮಾರಿ, ಬರುವ ದಾರಿಯಲ್ಲಿ ನನ್ನ ಬಾಗಿಲಿಗೆ ಉಗುಳಿ ಹೋದಳು. ಅದನ್ನು ಒರೆಸುವಾಗ ನನಗೆ ಅಳು ಬಂತು. ಒಬ್ಬ ತಂಗಿಯನ್ನು ಉಳಿಸಲು ಎಷ್ಟು ಜನರ ಗಂಟಿಗೆ ಕೈ ಹಾಕಿದೆ ಎಂಬ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಆದರೆ ಅಷ್ಟರಲ್ಲಿ ಟ್ರಂಕಿನಲ್ಲಿ ಉಳಿದದ್ದು ಒಂದು ಹಿಡಿ ಮಾತ್ರ, ಅದನ್ನೂ ಮಾರಿದೆ.

ಗುರುಲಿಂಗಪ್ಪ ಒಂದು ದಿನ ಬಜಾರಿಗೆ ಬಂದು ದೂರದಲ್ಲಿ ನಿಂತು ದರ ಕೂಗುವುದನ್ನು ಕೇಳಿದ. ನನ್ನ ಕಡೆ ನೋಡಲೂ ಇಲ್ಲ, ಹಾಗೇ ತಿರುಗಿ ಹೋದ. ಆಮೇಲೆ ನಡೆದದ್ದು ನನಗೆ ತಿಳಿದದ್ದು ಮೊಸರಿಗೆ ಬಂದ ಕಾರ್ಖಾನೆಯ ಹಳೆಯ ಆಳಿನಿಂದ. ಮನೆಯವರೇ ಕೈಬಿಟ್ಟ ಮೇಲೆ ಇನ್ನೇನು, ಹೇಗೂ ಬೀಗ ಬೀಳುತ್ತದೆ, ಬೀಳುವ ಬೀಗಕ್ಕಾಗಿ ಸಾಯುವುದೇಕೆ ಎಂದು ಗುರುಲಿಂಗಪ್ಪ ಕಂಪ್ರೆಸರ್ ನಿಲ್ಲಿಸಿದನಂತೆ. ಹೊಸ ಬೇರಿಂಗ್ ತರಿಸಿದನಂತೆ, ಮಾರುವಾಗಲಾದರೂ ಮೆಶಿನ್ನು ಚೊಕ್ಕವಾಗಿರಲಿ ಎಂದು. ಕೊನೆಯ ಐಸು ಗಾಡಿಗೆ ಹೇರಿ ಮಾರಲು ಆಳುಗಳನ್ನೂ ಕರೆಸಿ ಮುಂಗಡ ಕೂಲಿ ಕೊಟ್ಟನಂತೆ. ಚಂಪವ್ವ ಎಲ್ಲಿ ಎಂದು ಕೇಳಿದೆ. ಮಲಗ್ಯಾಳ್ರೀ, ನಿನ್ನೆ ಮಲಗಿದಾಕಿ ಇನ್ನೂ ಎದ್ದಿಲ್ಲ ಎಂದ. ಅವನಿಗೆ ಆ ದಿನ ಮೊಸರಿನ ದುಡ್ಡು ಕೇಳಲಿಲ್ಲ.

ಕೈ ನೋಡುವ ದಿನ ಬಂತು. ಆಳುಗಳಿಗೆ ಕೂಲಿ ಹೋಗಿ, ಬೇರಿಂಗಿಗೆ ದುಡ್ಡು ಹೋಗಿ, ಐಸಿನ ಕಾಗದ ಆ ಹೊತ್ತಿಗೆ ಮೊದಲಿನ ಬಿಸಿ ಕಳೆದುಕೊಂಡು, ಬತ್ತಿ ಕಾರ್ಖಾನೆಯ ಕಾಗದದಂತೆ ಬೆಚ್ಚಗೆ ಇದ್ದೂ ಇಲ್ಲದ ಹಾಗಿತ್ತು. ಜನ ಒಂದೊಂದು ಹಾಳೆ ಮುಟ್ಟಿ ನೋಡಿ ಅಯ್ಯೋ ಎಂದು ಅಡಿಗೆ ಕಳಿಸುವ ಸರದಿಯ ಮಾತಿಗೆ ತೊಡಗಿದರು. ಗುರುಲಿಂಗಪ್ಪ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತಿದ್ದ. ಚಂಪಾ ಅವನ ಪಕ್ಕದಲ್ಲಿ. ನಾನು ಹಿಂದಿನ ಸಾಲಿನಲ್ಲಿ ಯಾರದೋ ಬುಟ್ಟಿಯ ಮರೆಯಲ್ಲಿದ್ದೆ. ಲೆಕ್ಕ ತಪ್ಪಿದ್ದರೆ ಅಪ್ಪನ ಕಾರ್ಖಾನೆಯನ್ನು ನನ್ನ ಕೈಯಾರೆ ಮುಗಿಸಿದಂತೆ. ಆ ಹೊತ್ತಿನಲ್ಲಿ ದಪ್ಪ ಕಟ್ಟು ಒಳ್ಳೆಯದೋ ತೆಳು ಕಟ್ಟು ಒಳ್ಳೆಯದೋ ಎಂಬುದೇ ನನಗೆ ಮರೆತುಹೋಗಿತ್ತು.

ರಾಚಪ್ಪ ದರ ಕೂಗಿ ನೂರು ರೂಪಾಯಿಯ ಕಟ್ಟು ಕಟ್ಟಿದ. ಕಟ್ಟುತ್ತಲೇ ಇದ್ದ. ಒಂದು ದಾರ ಸಾಲದೆ ಇನ್ನೊಂದು ದಾರ ತಂದರು. ಮಾಸ್ತರ ಬಲಗೈಯಲ್ಲಿ ಅದನ್ನು ಇಟ್ಟಾಗ ಅವರ ಬೆರಳುಗಳು ಸುತ್ತು ಮುಟ್ಟಲಿಲ್ಲ. ಅವರು ಕಣ್ಣು ಮುಚ್ಚಿದರು. ತೆರೆದು ಎರಡೂ ಕೈ ನೋಡಿಕೊಂಡರು. ಕಟ್ಟನ್ನು ಕೆಳಗಿಟ್ಟು ಅಂಗೈ ಪಂಚೆಗೆ ಒರೆಸಿ ಮತ್ತೆ ಎತ್ತಿದರು. ನೀರು ಕೇಳಿ ಕುಡಿದರು. ಇಷ್ಟು ವರ್ಷದಲ್ಲಿ ಅವರು ಯಾರ ಕಟ್ಟಿಗೂ ಇಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಒಂದೊಂದು ಹಾಳೆ ಬೇರೆಯಾಗಿ ತಣ್ಣಗಿತ್ತು, ಒಟ್ಟಿಗೆ ಹಿಡಿದರೆ ಬೆಚ್ಚಗಾಗುತ್ತಿತ್ತು, ಅವರ ಹುಬ್ಬು ಒಮ್ಮೆ ಮೇಲೆ ಹೋಗುತ್ತಿತ್ತು, ಒಮ್ಮೆ ಕೆಳಗೆ. ಕಡೆಗೆ ಬಲಗೈಯನ್ನು ಸ್ವಲ್ಪ ಎತ್ತಿದರು.

"ನಡೀತೈತಿ," ಅಂದರು. ಆಮೇಲೆ ತಮಗೇ ಹೇಳಿಕೊಂಡಂತೆ, "ಹೆಂಗಂತ ಕೇಳಬ್ಯಾಡ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಗುರುಲಿಂಗಪ್ಪ ಕಟ್ಟಿದ ಕೈ ಬಿಚ್ಚುವುದನ್ನೇ ಮರೆತಿದ್ದ. ಚಂಪಾ ತಿರುಗಿ ಗುಂಪಿನಲ್ಲಿ ಕಣ್ಣಾಡಿಸಿದಳು. ನಾನು ಕಂಡೊಡನೆ ಮುಖ ಆ ಕಡೆ ಮಾಡಿದಳು. ಸಂಜೆಯೊಳಗೆ ಬಜಾರದಲ್ಲಿ ಇನ್ನೊಂದು ಗದ್ದಲ. ಬೀಗ ಬೀಳದ ಕಾರ್ಖಾನೆ, ಇಷ್ಟು ಅಗ್ಗದ ಶೇರು, ಈಗ ಕೊಳ್ಳದಿದ್ದರೆ ಯಾವಾಗ ಎಂದು ಮಾರಿದವರೇ ಮತ್ತೆ ಕೊಳ್ಳಲು ನಿಂತರು. ದರ ಏರತೊಡಗಿತು. ನನ್ನಿಂದ ಅಗ್ಗಕ್ಕೆ ಕೊಂಡು ಇಟ್ಟುಕೊಂಡಿದ್ದವರು ನನ್ನನ್ನು ಕಂಡರೆ ಕೈಮುಗಿದರು, ನನ್ನ ಹಿಂದೆ ಹೆದರಿ ಮಾರಿದವರು ಶಾಪ ಹಾಕಿದರು. ಬರುವ ವರ್ಷಕ್ಕೆ ದರ ಮತ್ತೆ ಆಕಾಶಕ್ಕೆ ಹೋದರೆ ಆ ಕಟ್ಟು ಮತ್ತೆ ಎರಡು ಹಾಳೆಗೆ ಬಂದು ನಿಲ್ಲುತ್ತದೆ. ಆಗ ಏನು ಮಾಡುವುದು ನನಗೆ ಗೊತ್ತಿಲ್ಲ, ಮಾರಲು ನನ್ನ ಹತ್ತಿರ ಏನೂ ಉಳಿದಿಲ್ಲ. ಕೆಲವರು ನನ್ನನ್ನು ಹುಚ್ಚಿ ಎನ್ನುತ್ತಾರೆ, ರಾಚಪ್ಪ ಒಬ್ಬ ಮಾತ್ರ ಭಾರಿ ಬುದ್ಧಿವಂತೆ ಎನ್ನುತ್ತಾನೆ. ಎರಡರಲ್ಲಿ ಯಾವುದೆಂದು ಹೇಳುವ ಧೈರ್ಯ ನನಗಿಲ್ಲ.

ಇದಾಗಿ ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಚಂಪಾ ನನ್ನ ಮನೆಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ, ಮಣೆ ಕೊಟ್ಟರೆ ಕೂರಲಿಲ್ಲ. ಕೆನ್ನೆ ತುಂಬಿಕೊಂಡಿತ್ತು. ಬೆರಳುಗಳ ಗಾಯ ಒಣಗಿ ಚರ್ಮ ಮೂಡಿತ್ತು. ಅವಳು ಹೇಳಬೇಕೆಂದು ಬಂದದ್ದನ್ನು ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಬಂದಿದ್ದಳು ಎಂದು ಕಾಣುತ್ತದೆ.

"ಅಪ್ಪ ಕಟ್ಟಿದ್ದನ್ನ ಸಂತ್ಯಾಗ ಬಾಡಿದ ಬದನಿಕಾಯಿ ಮಾರಿದಂಗ ಮಾರಿದಿ," ಅಂದಳು. "ಊರ ಮಂದಿ ಮಾರಿದ್ದಕ್ಕ ನನಗೇನೂ ಅನಸಲಿಲ್ಲ. ನಿನಗ ನಮ್ಮ ಕಿಮ್ಮತ್ತು ಇಷ್ಟ ಏನಕ್ಕಾ?"

ನಾನು ಹೇಳಲು ಹೊರಟೆ. ಕಾಗದ ಅಗ್ಗವಾದರೆ ಕಟ್ಟು ದಪ್ಪವಾಗುತ್ತದೆ, ದಪ್ಪವಾದರೆ ಬೆಚ್ಚಗಾಗುತ್ತದೆ, ಬೆಚ್ಚಗಾದರೆ ಬೀಗವಿಲ್ಲ, ಅಗ್ಗ ಮಾಡಲು ಯಾರಾದರೂ ಬೇಕಿತ್ತಲ್ಲ ಎಂದು ಗಡಿಗೆ ಬಟ್ಟಲು ಎಲ್ಲ ಮುಂದಿಟ್ಟು ತೋರಿಸಿದೆ. ಅರ್ಧ ದಾರಿಯಲ್ಲಿ ನಾನೇ ತಪ್ಪಿದೆ, ದಪ್ಪ ಎನ್ನುವಲ್ಲಿ ತೆಳು ಎಂದೆ, ಮತ್ತೆ ತಿದ್ದಿದೆ, ಮತ್ತೆ ತಪ್ಪಿದೆ. ಚಂಪಾಳ ಮುಖದಲ್ಲಿ ಸಿಟ್ಟು ಕರಗುವುದಿರಲಿ, ನಾನು ಏನೋ ನೆಪ ಹೇಳುತ್ತಿದ್ದೇನೆ ಎಂಬ ಬೇಸರ ಇನ್ನೂ ಸೇರಿಕೊಂಡಿತು. ನಾನು ಬಟ್ಟಲು ಕೆಳಗಿಟ್ಟೆ. ಹೇಳುವುದು ನನ್ನಿಂದ ಆಗದ ಕೆಲಸ ಎಂದು ಗೊತ್ತಾಯಿತು. ಕೇಳಬೇಕಾದದ್ದು ಮಾತ್ರ ಒಂದು ಉಳಿದಿತ್ತು.

"ನಿದ್ದಿ ಬರ್ತೈತೇನು ಚಂಪಾ?"

ಓಣಿಯಲ್ಲಿ ಹಾಲಿನವನು ಬಂದು ಹೋದ.

"ಬರ್ತೈತಿ," ಅಂದಳು. "ಹೊತ್ತೇರೂ ಮಟ ಮಲಗತೀನಿ."

ಅಷ್ಟು ಹೇಳಿ, ನನ್ನ ಮೇಲಿನ ಸಿಟ್ಟನ್ನು ಒಂದಿಷ್ಟೂ ಬಿಡದೆ, ಮೆಟ್ಟಿಲಿಳಿದು ಹೋದಳು.